ಹಠ ಹಿಡಿದ ಬೋಲ್ಟ್ ಮತ್ತು ಎರಡು ಸ್ಟಡ್‌ಗಳ ಲೆಕ್ಕ

ಕಾಮರ್ಸ್ ಓದುವ ಹುಡುಗ ನಟ್ಟು ಬೋಲ್ಟಿನ ಬಗ್ಗೆ ಏಕೆ ಬರೆಯುತ್ತಿದ್ದಾನೆ ಎಂದು ನೀವು ಕೇಳಬಹುದು. ಈ ಸಲದ ದಸರಾ ರಜೆಯಲ್ಲಿ ನಾನು ನಮ್ಮ ಮನೆಯ ಮೋಟಾರ್ ಸೈಕಲ್ಲಿನ ಒಂದು ಸ್ಟಡ್ ಮುರಿದೆ. ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಸ್ಟಡ್ಡನ್ನು ಮುರಿಯದೆ ಬಿಚ್ಚಿದೆ. ಎರಡೂ ಒಂದೇ ಗಾಡಿಯವು, ಒಂದೇ ವಯಸ್ಸಿನವು, ಒಂದೇ ಮಳೆಯಲ್ಲಿ ನೆನೆದವು. ಒಂದು ಮುರಿಯಿತು, ಒಂದು ಬಂತು. ಈ ಎರಡರ ನಡುವೆ ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಹಳೆಯ ಗಾಡಿ ಇದೆ, ಅದರ ಮೇಲೆ ಮನೆಯ ದುಡಿಮೆಯೂ ಇದೆ. ಅಂಥವರಿಗೆ ಇದು ಉಪಯೋಗವಾದೀತು.

ನಡೆದದ್ದು ಇಷ್ಟು

ನಮ್ಮದು ಹೀರೋ ಹೋಂಡಾ ಸಿಡಿ 100. ಈ ಗಾಡಿ ನಮ್ಮ ದೇಶದಲ್ಲಿ 1985ರಲ್ಲಿ ಬಂತು. ನಾಲ್ಕು ಸ್ಟ್ರೋಕಿನ, 100 ಸಿಸಿಗೆ ಸ್ವಲ್ಪ ಕಡಿಮೆಯ ಚಿಕ್ಕ ಎಂಜಿನ್. ನಮ್ಮ ಗಾಡಿ ನನಗಿಂತ ಹಿರಿಯದು. ಅಬ್ಬಾ ಅದರ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಶಿವಮೊಗ್ಗದ ಸುತ್ತಮುತ್ತಲ ಸಂತೆಗಳಿಗೆ ಹೋಗುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿಯ ಸೈಲೆನ್ಸರ್ ಬುಡದಲ್ಲಿ ಪಟಪಟ ಸದ್ದು ಶುರುವಾಯಿತು. ಸೈಲೆನ್ಸರ್ ಪೈಪು ಎಂಜಿನ್ನಿನ ಹೆಡ್ಡಿಗೆ ಸೇರುವ ಜಾಗದಲ್ಲಿ ಒಂದು ಗ್ಯಾಸ್ಕೆಟ್ ಉಂಗುರ ಇರುತ್ತದೆ. ಅದು ಸುಟ್ಟು ಹೊಗೆ ಸೋರುತ್ತಿತ್ತು. ಉಂಗುರ ಬದಲಿಸಲು ಎರಡು ನಟ್ಟು ಬಿಚ್ಚಿದರೆ ಸಾಕು. ಮೆಕ್ಯಾನಿಕ್ ಕೂಲಿ 150 ರೂಪಾಯಿ. ಅದನ್ನು ಉಳಿಸೋಣ ಎಂದು ನಾನೇ ಕೈ ಹಾಕಿದೆ.

ಮೊದಲ ನಟ್ಟು ಅಲ್ಲಾಡಲಿಲ್ಲ. ಸ್ಪ್ಯಾನರ್ ಹಿಡಿಗೆ ಒಂದು ಉದ್ದನೆಯ ಕಬ್ಬಿಣದ ಪೈಪು ಸಿಕ್ಕಿಸಿ ಜೋರಾಗಿ ಎಳೆದೆ. 'ಟಕ್' ಎಂದಿತು. ಬಿಟ್ಟಿತು ಎಂದು ಖುಷಿಯಾಯಿತು. ನೋಡಿದರೆ ನಟ್ಟಿನ ಜೊತೆಗೆ ಅರ್ಧ ಸ್ಟಡ್ಡೂ ಕೈಗೆ ಬಂದಿತ್ತು. ಉಳಿದರ್ಧ ಹೆಡ್ಡಿನ ಒಳಗೆ, ಮೇಲ್ಮೈಗೆ ಸಮವಾಗಿ ಮುರಿದು ನಿಂತಿತ್ತು. ಮರುದಿನ ಸಂತೆ. ಅಬ್ಬಾ ಬಂದು ಬಗ್ಗಿ ನೋಡಿದರು, ಏನೂ ಹೇಳಲಿಲ್ಲ. ಬೆಳಿಗ್ಗೆ ಐದು ಗಂಟೆಗೆ ಗಂಟನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ದಿನವೇ ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜ್ ಇಟ್ಟಿರುವ ಚಾಚಾ ಅವರ ಬಳಿ ಹೋದೆ. ಅವರು ಗಾಡಿ ನೋಡಿ, "ಇನ್ನೊಂದನ್ನ ಮುಟ್ಟಿಲ್ಲ ತಾನೇ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ಅದನ್ನ ನೀನೇ ಬಿಚ್ಚು. ಆದರೆ ನಾನು ಹೇಳಿದ ಹಾಗೆ" ಎಂದರು. ಮುಂದೆ ಬರೆಯುವುದೆಲ್ಲ ಆ ನಾಲ್ಕು ದಿನಗಳ ಪಾಠ.

ಬೋಲ್ಟ್ ಏಕೆ ಹಿಡಿದುಕೊಳ್ಳುತ್ತದೆ?

ಮೊದಲು ಹೆಸರುಗಳು. ಬೋಲ್ಟಿಗೆ ತಲೆ ಇರುತ್ತದೆ. ಸ್ಟಡ್ಡಿಗೆ ತಲೆ ಇಲ್ಲ. ಎರಡೂ ತುದಿಯಲ್ಲಿ ಥ್ರೆಡ್ ಇರುವ ಸರಳು ಅದು. ಒಂದು ತುದಿ ಎಂಜಿನ್ನಿನೊಳಗೆ, ಇನ್ನೊಂದು ತುದಿಗೆ ನಟ್ಟು. ಥ್ರೆಡ್ಡಿಗೆ ನಮ್ಮ ಮನೆಮಾತಿನಲ್ಲಿ ಚೂಡಿ ಎನ್ನುತ್ತಾರೆ. ಬಳೆಗೂ ಅದೇ ಹೆಸರು. ಸರಳಿನ ಸುತ್ತ ಬಳೆ ಜೋಡಿಸಿದ ಹಾಗೆ ಕಾಣುತ್ತದೆಯಲ್ಲ, ಅದಕ್ಕೇ ಇರಬೇಕು.

ಹಿಡಿದುಕೊಳ್ಳಲು ಮುಖ್ಯವಾಗಿ ಮೂರು ಕಾರಣಗಳಿವೆ.

ಒಂದು, ತುಕ್ಕು. ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ ಸೇರಿ ತುಕ್ಕಾಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರುವ ಜಾಗವೇ ಕೂದಲೆಳೆಯಷ್ಟು. ಅದರೊಳಗೆ ತುಕ್ಕು ಉಬ್ಬಿದರೆ ಬೆಣೆ ಬಡಿದ ಹಾಗೆ ಆಗುತ್ತದೆ. ಮಲೆನಾಡಿನ ಅಂಚಿನ ನಮ್ಮ ಊರಿನ ಮಳೆಯಲ್ಲಿ, ಮುಂದಿನ ಚಕ್ರದ ಕೆಸರು ನೇರವಾಗಿ ಸೈಲೆನ್ಸರ್ ಬುಡಕ್ಕೇ ಬಡಿಯುತ್ತದೆ.

ಎರಡು, ಉಕ್ಕು ಮತ್ತು ಅಲ್ಯುಮಿನಿಯಂ ಒಟ್ಟಿಗೆ ಇರುವುದು. ಎಂಜಿನ್ ಹೆಡ್ಡು ಅಲ್ಯುಮಿನಿಯಂ, ಸ್ಟಡ್ಡು ಉಕ್ಕು. ಎರಡು ಬೇರೆ ಲೋಹಗಳು ತಾಗಿಕೊಂಡಿರುವಾಗ ನಡುವೆ ತೇವ ಸೇರಿದರೆ ಅದು ಒಂದು ಪುಟ್ಟ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ. ಇಲ್ಲಿ ಸವೆಯುವುದು ಅಲ್ಯುಮಿನಿಯಂ. ಅದು ಬಿಳಿ ಪುಡಿಯಾಗಿ ಥ್ರೆಡ್ಡಿನ ಸಂದಿಯಲ್ಲಿ ತುಂಬಿ ಗಟ್ಟಿಯಾಗುತ್ತದೆ. ಹಳೆಯ ಎಂಜಿನ್ ಬೋಲ್ಟ್ ಬಿಚ್ಚಿದಾಗ ಕಾಣುವ ಸುಣ್ಣದಂತಹ ಪುಡಿ ಇದೇ.

ಮೂರು, ಮನುಷ್ಯರ ಕೈ. ಹಿಂದೆ ಯಾರೋ ಬೇಕಾದ್ದಕ್ಕಿಂತ ಬಿಗಿ ಮಾಡಿರುತ್ತಾರೆ, ಅಥವಾ ಥ್ರೆಡ್ಡಿಗೆ ಥ್ರೆಡ್ ಕೂರದೆ ಓರೆಯಾಗಿ ಹತ್ತಿಸಿರುತ್ತಾರೆ.

ಇನ್ನೊಂದು ಮಾತು. ಕೆಲವು ಸಲ ಬೋಲ್ಟ್ ಹಿಡಿದೇ ಇರುವುದಿಲ್ಲ, ನಾವೇ ತಪ್ಪು ದಿಕ್ಕಿಗೆ ತಿರುಗಿಸುತ್ತಿರುತ್ತೇವೆ. ಸಾಮಾನ್ಯವಾಗಿ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಆದರೆ ಯಮಹಾದ ಅನೇಕ ಗಾಡಿಗಳ ಬಲಗಡೆ ಕನ್ನಡಿಗೆ ಉಲ್ಟಾ ಥ್ರೆಡ್ ಇರುತ್ತದೆ. ಶಕ್ತಿ ಹಾಕುವ ಮೊದಲು ಇದನ್ನು ವಿಚಾರಿಸಿಕೊಳ್ಳಬೇಕು.

ಏನನ್ನು ಉಳಿಸಬೇಕು?

ಚಾಚಾ ಕೇಳಿದ ಮೊದಲ ಪ್ರಶ್ನೆ ಇದು: "ಬೋಲ್ಟ್ ಉಳಿಸ್ತೀಯಾ, ತೂತು ಉಳಿಸ್ತೀಯಾ?"

ನಾನು ಬೋಲ್ಟ್ ಎಂದೆ. ಅವರು ನಕ್ಕರು. ಬೋಲ್ಟ್ ಹತ್ತಿಪ್ಪತ್ತು ರೂಪಾಯಿಗೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ತೂತು ಇರುವುದು ಎಂಜಿನ್ ಹೆಡ್ಡಿನಲ್ಲಿ. ಅದರ ಥ್ರೆಡ್ ಹಾಳಾದರೆ ಹೆಡ್ಡೇ ಹಾಳು. ಆದ್ದರಿಂದ ಹಿಡಿದ ಬೋಲ್ಟನ್ನು ಆಗಲೇ ಸತ್ತಿದೆ ಎಂದು ಲೆಕ್ಕ ಹಾಕಬೇಕು. ಅದರ ತಲೆ ಹೋಗಲಿ, ಮೈ ಗೀರಲಿ, ಚಿಂತೆಯಿಲ್ಲ. ತೂತಿನ ಒಳಗಿನ ಚೂಡಿಗೆ ಪೆಟ್ಟಾಗಬಾರದು.

ನಮ್ಮ ಕಾಮರ್ಸ್ ಪಾಠದ ಭಾಷೆಯಲ್ಲಿ ಹೇಳುವುದಾದರೆ ಬೋಲ್ಟು ದಿನಬಳಕೆಯ ಖರ್ಚು, ತೂತು ಸ್ಥಿರ ಆಸ್ತಿ. ನಾನು ಖರ್ಚು ಉಳಿಸಲು ಹೋಗಿ ಆಸ್ತಿಯನ್ನು ಅಪಾಯಕ್ಕೆ ಒಡ್ಡಿದ್ದೆ.

ಇದರಿಂದ ಎರಡನೇ ನಿಯಮ ಬರುತ್ತದೆ. ಮೆತ್ತಗಿನ ಉಪಾಯ ಮೊದಲು, ಗಟ್ಟಿ ಉಪಾಯ ಕೊನೆಗೆ. ಒಂದು ಉಪಾಯ ಸೋತರೂ ಮುಂದಿನದಕ್ಕೆ ದಾರಿ ಉಳಿದಿರಬೇಕು. ಎಣ್ಣೆ ಹಾಕಿ ಸೋತರೆ ಬಿಸಿ ಮಾಡಬಹುದು. ಬಿಸಿ ಮಾಡಿ ಸೋತರೆ ನಟ್ಟನ್ನು ಕಡಿಯಬಹುದು. ಮೊದಲೇ ಪೈಪು ಹಾಕಿ ಮುರಿದರೆ ನೇರವಾಗಿ ಲೇತ್ ಅಂಗಡಿಗೆ ಹೋಗಬೇಕಾಗುತ್ತದೆ.

ಸರಿಯಾದ ಸ್ಪ್ಯಾನರ್

ತಲೆ ಸವೆಯುವುದು ಹೆಚ್ಚಾಗಿ ತುಕ್ಕಿನಿಂದಲ್ಲ, ತಪ್ಪು ಸ್ಪ್ಯಾನರಿನಿಂದ. ಬಾಯಿ ತೆರೆದ ಸ್ಪ್ಯಾನರ್ ಆರು ಮೂಲೆಗಳಲ್ಲಿ ಎರಡನ್ನು ಮಾತ್ರ ಹಿಡಿಯುತ್ತದೆ. ಜೋರು ಹಾಕಿದರೆ ಅದರ ಬಾಯಿ ಅಗಲವಾಗಿ ಮೂಲೆ ಕೆತ್ತಿಹೋಗುತ್ತದೆ. ರಿಂಗ್ ಸ್ಪ್ಯಾನರ್ ಅಥವಾ ಬಾಕ್ಸ್ ಸ್ಪ್ಯಾನರ್ ಸುತ್ತಲೂ ಹಿಡಿಯುತ್ತದೆ. ಅದರಲ್ಲೂ ಒಳಗೆ ಹನ್ನೆರಡು ಮೂಲೆ ಇರುವುದಕ್ಕಿಂತ ಆರು ಮೂಲೆ ಇರುವುದು ಹಳೆಯ ನಟ್ಟಿಗೆ ಉತ್ತಮ.

ಅಳತೆಯಲ್ಲಿ ಗೊಂದಲ ಬೇಡ. ಬೋಲ್ಟಿನ ಮೈ 6 ಎಂ.ಎಂ. ಇದ್ದರೆ ತಲೆ ಸಾಮಾನ್ಯವಾಗಿ 10 ನಂಬರ್, ಮೈ 8 ಎಂ.ಎಂ. ಇದ್ದರೆ 12 ಅಥವಾ 13. ಜಪಾನ್ ವಿನ್ಯಾಸದ ಗಾಡಿಗಳಲ್ಲಿ 12 ಹೆಚ್ಚು. ಅದಕ್ಕೆ 13 ಹಾಕಿದರೆ ಹೊಂದಿದ ಹಾಗೆ ಕಾಣುತ್ತದೆ, ಜೋರು ಹಾಕಿದಾಗ ಜಾರುತ್ತದೆ.

ಇನ್ನು ನನ್ನ ಪೈಪಿನ ಲೆಕ್ಕ. ತಿರುಗುವ ಬಲ ಎಂದರೆ ಕೈ ಹಾಕಿದ ಬಲ ಗುಣಿಸು ಹಿಡಿಯ ಉದ್ದ. 6 ಎಂ.ಎಂ. ನಟ್ಟಿಗೆ ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಹೇಳುವ ಬಿಗಿ ಸುಮಾರು 10 ನ್ಯೂಟನ್ ಮೀಟರ್. 12 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನಲ್ಲಿ ಅದಕ್ಕೆ ಬೇಕಾದ ಬಲ ಸುಮಾರು 83 ನ್ಯೂಟನ್, ಅಂದರೆ ಎಂಟೂವರೆ ಕೆ.ಜಿ. ತೂಕ. ನೀರು ತುಂಬಿದ ಒಂದು ಸಣ್ಣ ಬಕೆಟ್ ಎತ್ತಿದಷ್ಟು. ಅದೇ ಬಲವನ್ನು 60 ಸೆಂಟಿಮೀಟರ್ ಪೈಪಿನ ತುದಿಯಲ್ಲಿ ಹಾಕಿದರೆ 50 ನ್ಯೂಟನ್ ಮೀಟರ್ ಆಗುತ್ತದೆ. ಐದು ಪಟ್ಟು. ನನ್ನ ಕೈಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಸ್ಟಡ್ಡಿಗೆ ಗೊತ್ತಾಯಿತು. ಪೈಪು ದಪ್ಪ ಬೋಲ್ಟಿಗೆ ಸರಿ, 6 ಎಂ.ಎಂ. ಸ್ಟಡ್ಡಿಗೆ ಅದು ಮುರಿಯುವ ಯಂತ್ರ.

ಬಿಚ್ಚುವ ಕ್ರಮ

ಎರಡನೇ ನಟ್ಟಿಗೆ ನಾವು ಮಾಡಿದ್ದು ಹೀಗೆ.

1. ಸ್ವಚ್ಛಗೊಳಿಸುವುದು. ತಂತಿ ಬ್ರಷ್ಷಿನಿಂದ ನಟ್ಟು ಮತ್ತು ಹೊರಗೆ ಕಾಣುವ ಥ್ರೆಡ್ಡನ್ನು ಲೋಹದ ಬಣ್ಣ ಬರುವ ತನಕ ಉಜ್ಜಬೇಕು. ನಟ್ಟು ಹೊರಗೆ ಬರುವಾಗ ದಾಟಬೇಕಾದ ದಾರಿ ಇದು. ದಾರಿಯಲ್ಲೇ ತುಕ್ಕು ಇದ್ದರೆ ಬಿಟ್ಟ ನಟ್ಟೂ ಮತ್ತೆ ಸಿಕ್ಕಿಕೊಳ್ಳುತ್ತದೆ.

2. ಎಣ್ಣೆ ಕುಡಿಸುವುದು. ತೆಳುವಾದ ಎಣ್ಣೆ ಬೇಕು. ಹಿಂದೆ ಸೀಮೆಎಣ್ಣೆ ಬಳಸುತ್ತಿದ್ದರು, ಡೀಸೆಲ್ಲೂ ಆಗುತ್ತದೆ. ನಾವು ತುಕ್ಕು ಬಿಡಿಸುವ ಸ್ಪ್ರೇ ತಂದೆವು. ಎಂಜಿನ್ ಆಯಿಲ್ ದಪ್ಪ, ಸಂದಿಗೆ ಇಳಿಯುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಎರಡು ದಿನ ಹಾಕಿದೆವು. ನಾನು ಅರ್ಧ ಗಂಟೆಗೊಮ್ಮೆ ಸ್ಪ್ಯಾನರ್ ಹಿಡಿದು ಹೋಗುತ್ತಿದ್ದೆ. ಚಾಚಾ ಪ್ರತಿ ಸಲವೂ "ಜಲ್ದಿ ನಕ್ಕೋ ಬೇಟಾ" ಎಂದು ವಾಪಸ್ ಕಳಿಸುತ್ತಿದ್ದರು.

3. ತಟ್ಟುವುದು. ಪ್ರತಿ ಸಲ ಎಣ್ಣೆ ಹಾಕಿದ ಮೇಲೆ ನಟ್ಟಿನ ಆರು ಮುಖಗಳ ಮೇಲೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ತುಕ್ಕು ಗಟ್ಟಿ ಆದರೆ ಪೆಡಸು, ನಡುಕಕ್ಕೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಅಲ್ಯುಮಿನಿಯಂ ಮೇಲೆ ಮಾತ್ರ ಸುತ್ತಿಗೆ ಬೀಳಬಾರದು.

4. ಮೊದಲು ಸ್ವಲ್ಪ ಬಿಗಿ ಮಾಡುವುದು. ಇದು ನನಗೆ ವಿಚಿತ್ರ ಎನಿಸಿತು. ಬಿಚ್ಚಬೇಕಾದ ನಟ್ಟನ್ನು ಒಂದು ಕೂದಲಿನಷ್ಟು ಬಿಗಿಯ ಕಡೆಗೆ ತಿರುಗಿಸಿ ನೋಡಬೇಕು. ತುಕ್ಕಿನ ಹಿಡಿತ ಯಾವ ಕಡೆಗೆ ಒಡೆದರೂ ಒಡೆದ ಹಾಗೆಯೇ. ಅಲ್ಲಾಡಿದರೆ ಸಾಕು, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಬಹುದು.

5. ಬಿಸಿ ಮಾಡುವುದು. ಇದಕ್ಕೆ ಮೊದಲು ಚಾಚಾ ಪೆಟ್ರೋಲ್ ಟ್ಯಾಂಕ್ ಕಳಚಿ ಗ್ಯಾರೇಜಿನ ಹೊರಗೆ ದೂರದಲ್ಲಿ ಇಟ್ಟರು, ಹಾಕಿದ್ದ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿದರು, ಒಂದು ಬಕೆಟ್ ಮರಳು ಪಕ್ಕದಲ್ಲಿ ಇಟ್ಟರು. ಈ ಮೂರೂ ಆಗದೆ ಬೆಂಕಿ ಹಚ್ಚಬಾರದು. ಇದನ್ನು ಯಾರೂ ಮನೆಯಲ್ಲಿ ಒಬ್ಬರೇ ಮಾಡಬೇಡಿ.

ನಟ್ಟನ್ನು ಮಾತ್ರ ಬೇಗ ಬಿಸಿ ಮಾಡಿದರೆ ಅದು ಹಿಗ್ಗುತ್ತದೆ, ಒಳಗಿನ ಸ್ಟಡ್ಡು ಇನ್ನೂ ತಣ್ಣಗಿರುತ್ತದೆ, ಹಿಡಿತ ಸಡಿಲವಾಗುತ್ತದೆ. ಜ್ವಾಲೆ ತೆಗೆದ ಮೇಲೆ ಚಾಚಾ ಒಂದು ಮೇಣದಬತ್ತಿಯನ್ನು ಬಿಸಿ ನಟ್ಟಿನ ಬುಡಕ್ಕೆ ಮುಟ್ಟಿಸಿದರು. ಮೇಣ ಕರಗಿ ಥ್ರೆಡ್ಡಿನ ಸಂದಿಗೆ ತಾನಾಗಿ ಎಳೆದುಕೊಂಡಿತು. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ.

6. ಹಿಂದೆ ಮುಂದೆ ತಿರುಗಿಸುವುದು. ನಟ್ಟು ಸ್ವಲ್ಪ ಅಲ್ಲಾಡಿದ ಕೂಡಲೇ ಒಂದೇ ಎಳೆತಕ್ಕೆ ಬಿಚ್ಚಬಾರದು. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ವಾಪಸ್, ಎಣ್ಣೆ, ಮತ್ತೆ ಕಾಲು ಸುತ್ತು. ಒಳಗಿನ ಪುಡಿ ಹೊರಗೆ ಬರಬೇಕು. ಕಿರ್ ಎಂಬ ಸದ್ದು ಬಂದರೆ ನಿಲ್ಲಿಸಬೇಕು. ಸ್ಪ್ಯಾನರ್ ಸ್ಪ್ರಿಂಗಿನಂತೆ ಬಾಗುತ್ತಿದೆ, ನಟ್ಟು ಮಾತ್ರ ಜರುಗುತ್ತಿಲ್ಲ ಎನಿಸಿದರೆ ಸ್ಟಡ್ಡು ತಿರುಚಿಕೊಳ್ಳುತ್ತಿದೆ ಎಂದರ್ಥ. ಮೊದಲ ದಿನ ನನ್ನ ಕೈಗೂ ಅದು ಹೀಗೆಯೇ ಹೇಳಿತ್ತು, ನಾನು ಕೇಳಲಿಲ್ಲ.

ಎರಡನೇ ದಿನ ಅಸರ್ ನಮಾಜಿನ ನಂತರ ಆ ನಟ್ಟು ಪೂರ್ತಿ ಹೊರಬಂತು.

ತಲೆ ಸವೆದಿದ್ದರೆ?

ನಟ್ಟಿನ ಮೂಲೆಗಳು ಹೋಗಿದ್ದರೂ ದಾರಿಗಳಿವೆ. ಮೊದಲನೆಯದು, ಒಂದು ಅಳತೆ ಚಿಕ್ಕದಾದ ಬಾಕ್ಸ್ ಸ್ಪ್ಯಾನರನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದು. ಎರಡನೆಯದು, ಅರದಿಂದ ಎರಡು ಎದುರು ಮುಖಗಳನ್ನು ಚಪ್ಪಟೆ ಮಾಡಿ ಚಿಕ್ಕ ಸ್ಪ್ಯಾನರ್ ಹಾಕುವುದು. ಮೂರನೆಯದು, ಲಾಕ್ ಆಗುವ ಗ್ರಿಪ್ ಪ್ಲೈಯರ್. ಅದನ್ನು ಮೊದಲ ಸಲವೇ ಗಟ್ಟಿಯಾಗಿ ಹಿಡಿಸಬೇಕು, ಜಾರಿದಷ್ಟೂ ನಟ್ಟು ಗುಂಡಗಾಗುತ್ತದೆ. ನಾಲ್ಕನೆಯದು, ನಟ್ಟನ್ನೇ ಬಲಿ ಕೊಡುವುದು. ನಟ್ಟಿನ ಒಂದು ಮುಖವನ್ನು ಗರಗಸದಿಂದ ಥ್ರೆಡ್ ಹತ್ತಿರದ ತನಕ ಕೊಯ್ದು, ಚಾಣ ಇಟ್ಟು ಒಂದೇಟು ಹೊಡೆದರೆ ಅದು ಸೀಳುತ್ತದೆ. ನಟ್ಟು ಹೋಯಿತು, ಸ್ಟಡ್ಡು ಉಳಿಯಿತು.

ಪ್ಲಸ್ ಗುರುತಿನ ಸ್ಕ್ರೂಗಳ ಕಥೆ ಬೇರೆ. ನಮ್ಮ ಗಾಡಿಯ ಬಲಗಡೆ ಕವರಿನ ಒಳಗೆ, ಆಯಿಲ್ ಸೋಸುವ ಚಕ್ರದ ಮುಚ್ಚಳಕ್ಕೆ ಇಂಥ ಮೂರು ಸ್ಕ್ರೂಗಳಿವೆ. ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿದರೆ ಜೋರು ಹೆಚ್ಚಾದಂತೆ ತುದಿ ಮೇಲಕ್ಕೆ ಜಾರಿ ಗುರುತನ್ನು ಕೆತ್ತಿಹಾಕುತ್ತದೆ. ಜಪಾನಿನ ಪ್ಲಸ್ ಗುರುತಿನ ಆಕಾರವೂ ಸ್ವಲ್ಪ ಬೇರೆ, ಕಣ್ಣಿಗೆ ಒಂದೇ ರೀತಿ ಕಾಣುತ್ತದೆ ಅಷ್ಟೆ. ಇದಕ್ಕೆ ಇಂಪ್ಯಾಕ್ಟ್ ಡ್ರೈವರ್ ಬೇಕು. ಸುತ್ತಿಗೆಯಿಂದ ಅದರ ತಲೆಗೆ ಹೊಡೆದರೆ ಪೆಟ್ಟಿನ ಜೊತೆಗೇ ಸ್ವಲ್ಪ ತಿರುಗುತ್ತದೆ. ಪೆಟ್ಟು ತುದಿಯನ್ನು ಒಳಗೆ ಒತ್ತಿ ಹಿಡಿಯುವುದರಿಂದ ಜಾರುವುದಿಲ್ಲ.

ಒಳಗೆ ಮುರಿದಿದ್ದರೆ?

ಈಗ ನಾನು ಮುರಿದ ಸ್ಟಡ್ಡಿಗೆ ಬರೋಣ. ಎರಡನೇ ನಟ್ಟು ಬಂದ ಮೇಲೆ ಸೈಲೆನ್ಸರ್ ತೆಗೆದು, ಹೆಡ್ಡನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟೆವು.

ತುಂಡು ಹೊರಗೆ ಚಾಚಿಕೊಂಡಿದ್ದರೆ ಅದೃಷ್ಟ. ಉಳಿದ ಸ್ಟಡ್ಡು ಪೂರ್ತಿ ಇತ್ತು, ಆದರೆ ಅದರ ಥ್ರೆಡ್ ತುಕ್ಕು ತಿಂದು ಸಣ್ಣಗಾಗಿತ್ತು. ಅದನ್ನೂ ಬದಲಿಸಬೇಕೆಂದರು. ಅದಕ್ಕೆ ಎರಡು ನಟ್ಟು ಹಾಕಿ, ಒಂದಕ್ಕೊಂದು ಒತ್ತಿ ಬಿಗಿ ಮಾಡಿದೆವು. ಆಮೇಲೆ ಕೆಳಗಿನ ನಟ್ಟನ್ನು ಬಿಚ್ಚುವ ಕಡೆಗೆ ತಿರುಗಿಸಿದರೆ ಸ್ಟಡ್ಡೇ ತಿರುಗುತ್ತದೆ.

ಇಲ್ಲಿ ಬಿಸಿಯ ಲೆಕ್ಕ ಉಲ್ಟಾ. ಬಿಸಿ ಮಾಡಬೇಕಾದದ್ದು ಸ್ಟಡ್ಡನ್ನಲ್ಲ, ಸುತ್ತಲಿನ ಅಲ್ಯುಮಿನಿಯಮ್ಮನ್ನು. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 6 ಎಂ.ಎಂ. ತೂತಿಗೆ 150 ಡಿಗ್ರಿ ಬಿಸಿ ಏರಿಸಿದರೆ ಅಲ್ಯುಮಿನಿಯಂ ತೂತು ಸುಮಾರು 0.02 ಎಂ.ಎಂ. ಅಗಲವಾಗುತ್ತದೆ, ಅಷ್ಟೇ ಬಿಸಿಯಾದ ಉಕ್ಕು 0.01 ಎಂ.ಎಂ. ದಪ್ಪವಾಗುತ್ತದೆ. ಉಳಿದ ಲಾಭ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಇಷ್ಟು ಸಣ್ಣ ಲಾಭವೇ ಬಿಳಿ ಪುಡಿಯ ಹಿಡಿತ ಒಡೆಯಲು ಸಾಕಾಯಿತು. ಆದರೆ ಎಚ್ಚರ. ಶುದ್ಧ ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಎಂಜಿನ್ನಿನ ಮಿಶ್ರಲೋಹ ಅದಕ್ಕೂ ಮೊದಲೇ. ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ. ಒಂದು ಹನಿ ನೀರು ಹಾಕಿದರೆ ಚುರ್ ಎಂದು ಹಾರಿಹೋಗುವಷ್ಟು ಬಿಸಿ ಸಾಕು ಎಂದು ಚಾಚಾ ನಿಲ್ಲಿಸಿದರು.

ಮುರಿದ ತುಂಡು ಸ್ವಲ್ಪವೇ ಹೊರಗಿದ್ದರೆ ಅದರ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡ್ ಮಾಡಿಸಬಹುದು. ಹಿಡಿಯಲು ಹೊಸ ತಲೆ ಸಿಗುತ್ತದೆ, ವೆಲ್ಡಿಂಗಿನ ಬಿಸಿಯಿಂದ ಹಿಡಿತವೂ ಸಡಿಲವಾಗುತ್ತದೆ. ಉಕ್ಕಿನ ವೆಲ್ಡ್ ಅಲ್ಯುಮಿನಿಯಮ್ಮಿಗೆ ಅಂಟುವುದಿಲ್ಲ ಎಂಬುದು ಇಲ್ಲಿ ಅನುಕೂಲ. ಗಾಡಿಯ ಮೇಲೆಯೇ ವೆಲ್ಡ್ ಮಾಡಿಸುವುದಾದರೆ ಮೊದಲು ಬ್ಯಾಟರಿಯ ವೈರ್ ಬಿಚ್ಚಬೇಕು.

ನನ್ನದು ಮೇಲ್ಮೈಗೆ ಸಮವಾಗಿ, ಓರೆಯಾಗಿ ಮುರಿದಿತ್ತು. ಅದಕ್ಕೆ ಉಳಿದದ್ದು ಡ್ರಿಲ್ ಮಾತ್ರ. ಹೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಲೇತ್ ಅಂಗಡಿಯ ಆಚಾರ್ರ ಬಳಿ ಹೋದೆವು. ಅವರು ಮೊದಲು ಮುರಿದ ಮುಖವನ್ನು ಚಪ್ಪಟೆ ಮಾಡಿದರು. ಆಮೇಲೆ ಸರಿಯಾದ ನಡುವನ್ನು ಹುಡುಕಿ ಸೆಂಟರ್ ಪಂಚ್ ಹೊಡೆದರು. ಇದಕ್ಕೇ ಹತ್ತು ನಿಮಿಷ ತೆಗೆದುಕೊಂಡರು. ಉಕ್ಕು ಗಟ್ಟಿ, ಸುತ್ತಲಿನ ಅಲ್ಯುಮಿನಿಯಂ ಮೆತ್ತಗೆ. ಡ್ರಿಲ್ ಸ್ವಲ್ಪ ನಡು ತಪ್ಪಿದರೂ ಮೆತ್ತಗಿರುವ ಕಡೆಗೆ ಓಡಿ ತೂತನ್ನೇ ಕೆಡಿಸುತ್ತದೆ. ಕೈ ಡ್ರಿಲ್ಲಿನಲ್ಲಿ ಇದನ್ನು ಮಾಡಬಾರದು ಎನ್ನುವುದು ಅದಕ್ಕೇ. ಮೊದಲು ತೆಳುವಾದ ಬಿಟ್, ಆಮೇಲೆ ದಪ್ಪ, ಕೊನೆಗೆ 5 ಎಂ.ಎಂ. ಏಕೆಂದರೆ 6 ಎಂ.ಎಂ. ಬೋಲ್ಟಿನ ಥ್ರೆಡ್ಡಿಗೆ ಬೇಕಾದ ತೂತು 5 ಎಂ.ಎಂ. ಉಳಿದ ತೆಳು ಉಕ್ಕು ಸ್ಪ್ರಿಂಗಿನ ಸುರುಳಿಯಂತೆ ಚೂಡಿಯಲ್ಲೇ ಕುಳಿತಿತ್ತು. ಮೊನೆಯಾದ ಕಡ್ಡಿಯಿಂದ ಅದನ್ನು ಎಬ್ಬಿಸಿ, ಟ್ಯಾಪ್ ಹಾಕಿ ಥ್ರೆಡ್ ಸ್ವಚ್ಛ ಮಾಡಿದರು. ಹಳೆಯ ಚೂಡಿ ಬಹುಪಾಲು ಉಳಿದಿತ್ತು.

ಡ್ರಿಲ್ ಮಾಡಿದ ತೂತಿಗೆ ಸಿಕ್ಕಿಸಿ ತಿರುಗಿಸುವ ಎಕ್ಸ್‌ಟ್ರ್ಯಾಕ್ಟರ್ ಎಂಬ ಉಪಕರಣವೂ ಇದೆ. ನಾನು ಅದನ್ನು ಕೇಳಿದೆ. ಆಚಾರ್ರು ಹೇಳಿದರು: "ಸಣ್ಣ ಸ್ಟಡ್ಡಿಗೆ ಬೇಡಪ್ಪ. ಒಳಗೆ ಅದೇ ಮುರಿದರೆ ನನ್ನ ಯಾವ ಡ್ರಿಲ್ಲೂ ಅದನ್ನ ತಿನ್ನಲ್ಲ." ಅದು ಗಟ್ಟಿ ಉಕ್ಕು. ತಲೆ ಮುರಿದರೂ ಒಳಗೆ ಸಡಿಲವಾಗಿರುವ ಬೋಲ್ಟಿಗೆ ಅದು ಒಳ್ಳೆಯದು, ತುಕ್ಕು ಹಿಡಿದು ಮುರಿದದ್ದಕ್ಕೆ ಅಲ್ಲ.

ಥ್ರೆಡ್ ಪೂರ್ತಿ ಹೋಗಿದ್ದರೂ ಎರಡು ದಾರಿ ಇವೆ. ತೂತನ್ನು ದೊಡ್ಡದು ಮಾಡಿ ದಪ್ಪ ಬೋಲ್ಟ್ ಹಾಕುವುದು ಒಂದು. ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿ ಹಳೆಯ ಅಳತೆಯನ್ನೇ ಉಳಿಸುವುದು ಇನ್ನೊಂದು. ಸುರುಳಿ ಹಾಕಿದ ತೂತು ಅಲ್ಯುಮಿನಿಯಂ ಥ್ರೆಡ್ಡಿಗಿಂತ ಹೆಚ್ಚು ಬಾಳುತ್ತದೆ.

ಮತ್ತೆ ಹಾಕುವಾಗ

ಮುಂದಿನ ಸಲ ಬಿಚ್ಚುವುದು ಸುಲಭವಾಗಬೇಕಾದರೆ ಈ ಸಲ ಹಾಕುವಾಗ ಶ್ರಮ ಪಡಬೇಕು. ತೂತಿನ ಒಳಗಿನ ಪುಡಿಯನ್ನು ಪೂರ್ತಿ ತೆಗೆಯಬೇಕು. ಹೊಸ ನಟ್ಟನ್ನು ಮೊದಲ ಮೂರು ನಾಲ್ಕು ಸುತ್ತು ಬರಿ ಬೆರಳಿನಲ್ಲೇ ಹತ್ತಿಸಬೇಕು. ಬೆರಳಿಗೆ ಹತ್ತದಿದ್ದರೆ ಓರೆಯಾಗಿದೆ, ವಾಪಸ್ ತೆಗೆಯಬೇಕು. ಸೈಲೆನ್ಸರ್ ಬುಡದಂತಹ ಬಿಸಿ ಜಾಗಕ್ಕೆ ತಾಮ್ರದ ಪುಡಿ ಇರುವ ಗ್ರೀಸ್ ತೆಳುವಾಗಿ ಹಚ್ಚಬೇಕು, ಸಾಧಾರಣ ಗ್ರೀಸ್ ಅಲ್ಲಿ ಸುಟ್ಟುಹೋಗುತ್ತದೆ. ಬ್ರೇಕಿನ ಒಳಗೆ ಇದ್ಯಾವುದೂ ತಾಗಬಾರದು. ಎರಡು ನಟ್ಟುಗಳಿದ್ದರೆ ಒಂದನ್ನೇ ಪೂರ್ತಿ ಬಿಗಿ ಮಾಡದೆ, ಸ್ವಲ್ಪ ಇದು, ಸ್ವಲ್ಪ ಅದು ಎಂದು ಸಮವಾಗಿ ಬಿಗಿ ಮಾಡಬೇಕು.

ಡ್ರಿಲ್, ಚಾಣ, ಸುತ್ತಿಗೆ ಹಿಡಿದಾಗಲೆಲ್ಲ ಕಣ್ಣಿಗೆ ಕನ್ನಡಕ ಇರಲಿ. ಹಾರುವ ಉಕ್ಕಿನ ಚೂರು ಎಚ್ಚರಿಸಿ ಬರುವುದಿಲ್ಲ.

ಎರಡು ಸ್ಟಡ್‌ಗಳ ಲೆಕ್ಕ

ಕೊನೆಗೆ ನನ್ನ ವಿಷಯಕ್ಕೆ ಬರುತ್ತೇನೆ. ನೋಟ್ ಬುಕ್ಕಿನಲ್ಲಿ ನಾನು ಬರೆದುಕೊಂಡ ಲೆಕ್ಕ ಇದು.

ಮೊದಲ ಸ್ಟಡ್, ಮುರಿದದ್ದು:
ಲೇತ್ ಕೆಲಸ: 450 ರೂ.
ಹೊಸ ಸ್ಟಡ್, ನಟ್ಟು: 40 ರೂ.
ಹೆಡ್ ಗ್ಯಾಸ್ಕೆಟ್: 180 ರೂ.
ಹೆಡ್ ಬಿಚ್ಚಿ ಕೂರಿಸಿದ ಕೂಲಿ: 400 ರೂ.
ಎರಡು ಸಂತೆಗೆ ಅಬ್ಬಾ ಅವರ ಬಸ್ಸು ಮತ್ತು ಲಗೇಜು: 160 ರೂ.
ಒಟ್ಟು: 1,230 ರೂ.

ಎರಡನೇ ಸ್ಟಡ್, ಬಂದದ್ದು:
ತುಕ್ಕು ಬಿಡಿಸುವ ಸ್ಪ್ರೇ: 120 ರೂ.
ಮೇಣದಬತ್ತಿ: 10 ರೂ.
ಹೊಸ ಸ್ಟಡ್, ನಟ್ಟು: 40 ರೂ.
ಒಟ್ಟು: 170 ರೂ.
(ಸ್ಪ್ರೇ ಡಬ್ಬಿಯಲ್ಲಿ ಮುಕ್ಕಾಲು ಭಾಗ ಇನ್ನೂ ಇದೆ. ಅದು ಅಂತಿಮ ದಾಸ್ತಾನು.)

ಮೊದಲನೆಯದಕ್ಕೆ ನಾನು ಕೊಟ್ಟ ಸಮಯ ಇಪ್ಪತ್ತು ನಿಮಿಷ, ಎರಡನೆಯದಕ್ಕೆ ಎರಡು ದಿನ. ಆ ಇಪ್ಪತ್ತು ನಿಮಿಷವೇ ದುಬಾರಿಯಾಯಿತು. 150 ರೂಪಾಯಿ ಉಳಿಸಲು ಹೋದ ನಾನು, ನಮ್ಮ ಮನೆಯಲ್ಲಿ ಆ ಗಾಡಿ ಒಂದು ದಿನ ನಿಂತರೆ ಏನಾಗುತ್ತದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವಕಾಶ ವೆಚ್ಚ ಎಂದು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದಿದ್ದೇನೆ. ಅಬ್ಬಾ ಗಂಟು ಹೊತ್ತು ಬಸ್ ಸ್ಟ್ಯಾಂಡಿಗೆ ನಡೆದ ಬೆಳಿಗ್ಗೆ ಅದರ ಅರ್ಥ ತಿಳಿಯಿತು.

ಹಾಗೆಂದು ಗಾಡಿಗೆ ಕೈ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಚಾಚಾ ನನ್ನನ್ನು ದೂರ ಕೂರಿಸಿ ತಾವೇ ಎರಡನೇ ನಟ್ಟು ಬಿಚ್ಚಬಹುದಿತ್ತು. ಮುರಿದವನ ಕೈಗೇ ಮತ್ತೆ ಸ್ಪ್ಯಾನರ್ ಕೊಟ್ಟರು. ಕೈ ಹಾಕಿ, ಆದರೆ ಮೊದಲ ಬಾರಿಗೆ ಹಾಕುವಾಗ ಗೊತ್ತಿರುವವರು ಪಕ್ಕದಲ್ಲಿರಲಿ. ಬೇರೆಯವರ ಹೊಟ್ಟೆಪಾಡಿನ ಗಾಡಿಯಾಗಿದ್ದರೆ ಸಂತೆಯ ಹಿಂದಿನ ದಿನ ಮಾತ್ರ ಬೇಡ.

ಐದನೇ ದಿನ ಬೆಳಿಗ್ಗೆ ಅಬ್ಬಾ ಗಾಡಿ ಸ್ಟಾರ್ಟ್ ಮಾಡಿದರು. ಪಟಪಟ ಸದ್ದು ಇರಲಿಲ್ಲ. ಬಗ್ಗಿ ಎರಡು ಹೊಸ ನಟ್ಟುಗಳನ್ನು ನೋಡಿ, "ಯಾವುದು ನೀನು ಬಿಚ್ಚಿದ್ದು?" ಎಂದು ಕೇಳಿದರು. ತೋರಿಸಿದೆ. ಅದರ ಮೇಲೆ ಹೆಬ್ಬೆರಳು ಇಟ್ಟು ಒಮ್ಮೆ ಒರೆಸಿ, ಗಂಟು ಕಟ್ಟಿಕೊಂಡು ಹೊರಟರು. ಮುರಿದ ಅರ್ಧ ಸ್ಟಡ್ಡು, ನಟ್ಟು ಸಮೇತ, ನನ್ನ ಜಾಮೆಟ್ರಿ ಬಾಕ್ಸಿನಲ್ಲಿದೆ. ನೋಡಬೇಕೆನಿಸಿದವರು ಕೇಳಿ, ತೋರಿಸುತ್ತೇನೆ.